ಕಂಡಕ್ಟರ್ ಕೂಗಿದ ಮಾತು

ದಿಬ್ಬೂರಹಳ್ಳಿಯ ಮುನಿಗಂಗಪ್ಪನಿಗೆ ಮಗಳ ಸುದ್ದಿ ಸಿಗುತ್ತಿದ್ದದ್ದು ಬಸ್ಸಿನ ಕಂಡಕ್ಟರ್ ಕೊಂಡಪ್ಪನ ಬಾಯಿಂದ. ಬಸ್ಸು ಊರ ಮುಂದೆ ಪೂರ್ತಿ ನಿಲ್ಲುತ್ತಿರಲಿಲ್ಲ. ನಿಂತರೆ ಮತ್ತೆ ಹೊರಡಿಸಲು ನಾಲ್ಕು ಜನ ತಳ್ಳಬೇಕಿತ್ತು. ಕೊಂಡಪ್ಪ ಮೆಟ್ಟಿಲ ಮೇಲೆ ನೇತಾಡುತ್ತ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗುವನು. ಮುನಿಗಂಗಪ್ಪ ಪಕ್ಕದಲ್ಲಿ ಓಡುತ್ತ, ಇಂಜಿನ್ನಿನ ಗದ್ದಲದಲ್ಲಿ ಸಿಕ್ಕಷ್ಟು ಮಾತನ್ನು ಧೂಳಿನ ಜೊತೆ ನುಂಗುವನು. ಅವನಿಗೆ ಬರುತ್ತಿದ್ದದ್ದು ಸಂತೆಯಲ್ಲಿ ಚೌಕಾಶಿ ಮಾಡುವಷ್ಟು ತೆಲುಗು ಮಾತ್ರ.

ಆ ಬೇಸಿಗೆಯ ಶನಿವಾರ ಅವನ ಕಿವಿಗೆ ಬಿದ್ದದ್ದು ಇಷ್ಟು: ಮಂಗಮ್ಮ, ಎಳ್ಳುಂಡೆ, ಕಣಿವೆ ಮಂಟಪ, ಬಾ.

ಮುನಿಗಂಗಪ್ಪ ರಸ್ತೆಯಲ್ಲೇ ಕೂತುಬಿಟ್ಟ. ಮಂಗಮ್ಮ ಅವನ ಒಬ್ಬಳೇ ಮಗಳು, ತಾಯಿಯಿಲ್ಲದವಳು. ಬೆಟ್ಟದ ಆಚೆಯ ತೆಲುಗರ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಮದುವೆಯಲ್ಲಿ ಬೀಗಿತ್ತಿ ಚಿಕ್ಕವೆಂಕಟಮ್ಮ "ಪಾಯಸ ಹೊಗೆ ವಾಸನೆ" ಅಂದಳೆಂದು ಮುನಿಸಿಕೊಂಡವನು ಆ ಕಡೆ ತಲೆ ಹಾಕಿರಲಿಲ್ಲ. ಹೋದ ತಿಂಗಳು ಮಗಳ ಕಾರ್ಡು ಬಂದಿತ್ತು: "ನನಗೆ ನಾಲ್ಕು ತಿಂಗಳು. ಸದ್ಯಕ್ಕೆ ಯಾರಿಗೂ ಹೇಳಬೇಡ ಅಪ್ಪಾ." ಅಕ್ಷರ ಅಕ್ಷರ ಕೂಡಿಸಿ ಓದಿ, ಅವನು ಕಾರ್ಡನ್ನು ತಲೆದಿಂಬಿನೊಳಗೆ ತುರುಕಿದ್ದ. ಈಗ ಬಸುರಿ ಬಯಸಿ ಎಳ್ಳುಂಡೆ ಕೇಳಿದ್ದಾಳೆ! ಯಾವತ್ತು ಬರಬೇಕೆಂದು ಕೇಳಿಸಿರಲಿಲ್ಲ. ಆದರೆ ಆಚೆಯವರು ಮಂಟಪವಿರುವ ಬೆಟ್ಟದ ಕಣಿವೆ ದಾಟುವುದು ಸೋಮವಾರದ ಸಂತೆಗೇ. ಕಾಲಿಗೆ ಬಿದ್ದಾದರೂ ಈ ಸಲ ಹೆರಿಗೆಗೆ ಕರೆದುಕೊಂಡು ಬರಬೇಕು ಅಂದುಕೊಂಡ.

ಎಳ್ಳು ಹುರಿಯುವ ವಾಸನೆಗೆ ಪಕ್ಕದ ಮನೆಯ ಗಂಗುಲಮ್ಮ ಗೋಡೆ ಮೇಲಿಂದ ಇಣುಕಿದಳು.

"ಇದೇನ್ ಮುನಿಗಂಗಣ್ಣ, ಸಂಕ್ರಾಂತಿ ಹೋಗಿ ನಾಲ್ಕು ತಿಂಗಳಾಯ್ತು!"

"ಮಗಳು ಕೇಳವ್ಳೆ."

"ಏನಾದ್ರೂ ವಿಶೇಷಾನಾ?"

"ವಿಶೇಷ ಏನಿರ್ತದೆ? ಬಾಯಿ ಚಪಲ," ಅಂದ ಮುನಿಗಂಗಪ್ಪ. ಗುಟ್ಟು ಉಳಿಸಿದೆನೆಂದು ಒಳಗೊಳಗೇ ಹಿಗ್ಗಿದ.

"ಸರಿಸರಿ ಅತ್ಲಾಗೆ, ಬೆಲ್ಲ ಸೀದೋಗ್ತೈತೆ!" ಅನ್ನುತ್ತ ಗಂಗುಲಮ್ಮ ಒಳನುಗ್ಗಿದಳು. ಇನ್ನೊಂದು ಸ್ವಲ್ಪ ಕಾಯಲಿ ಎಂದು ಅವಳು, ಸಾಕೆಂದು ಎದುರುಮನೆ ಆವಲಪ್ಪ. ಇಬ್ಬರ ಜಗಳ ಮುಗಿಯುವಷ್ಟರಲ್ಲಿ ಪಾಕ ಗಟ್ಟಿಯಾಗಿ, ಉಂಡೆಗಳು ಗೋಲಿಯಂತಾದವು. ಒಂದು ಕೈಜಾರಿ ಬಿದ್ದು ಹೊಸಿಲಿನ ಮೂಲೆ ಕಿತ್ತಿತು.

ಭಾನುವಾರ ಇಳಿಹೊತ್ತಿಗೆ ಹೊರಟಾಗ ಬೀದಿಯೇ ಅವನ ಬೆನ್ನಿಗೆ ಬಂದು ಕೂತಿತು. ಆವಲಪ್ಪ ಚಿರತೆಗೆಂದು ದೊಣ್ಣೆ ಕೊಟ್ಟ. ಗಂಗುಲಮ್ಮ ಕಂಬಳಿ, ರಾಗಿರೊಟ್ಟಿ, ಲಾಂದ್ರ, ಬೀಗಿತ್ತಿಗೆಂದು ಒಂದು ಕುಂಬಳಕಾಯಿ ಹೊರಿಸಿದಳು. ಹಿಂದಿನಿಂದ ನೋಡಿದವರಿಗೆ ಅಗಸರ ಕತ್ತೆಗೆ ಪಂಚೆ ಉಡಿಸಿದಂತೆ ಕಾಣುತ್ತಿದ್ದ.

ದಿನವೆಲ್ಲ ಕಾದಿದ್ದ ಬಂಡೆಗಳು ಕಾಲು ಸುಟ್ಟವು. ಕುಂಬಳಕಾಯಿ ಅರ್ಧ ಬೆಟ್ಟದಲ್ಲಿ ಜಾರಿ, ಅವನಿಗಿಂತ ಬೇಗ ಊರು ಸೇರಿತು. ಮಂಟಪದ ಕಲ್ಲಿನ ಮೇಲೆ ಕಂಬಳಿ ಹಾಸಿ, ಎಳ್ಳುಂಡೆ ಗಂಟನ್ನು ಎದೆಗವಚಿ ಮಲಗಿದ. ಬೆಳಗಾಗುವಾಗ ಮುಸುವ ಕೋತಿಯೊಂದು ಗಂಟಿಗೆ ಕೈಹಾಕಿ, ಒಂದು ಉಂಡೆ ಕಚ್ಚಿ, ಹಲ್ಲು ನೋವಿಗೋ ಏನೋ ಅದನ್ನು ಅವನತ್ತಲೇ ಬೀಸಿತು. ಅವನ ಹುಬ್ಬಿನ ಮೇಲೆ ಇನ್ನೊಂದು ಎಳ್ಳುಂಡೆ ಮೂಡಿತು.

ಹಾಗೆ ಹುಬ್ಬು ಹಿಡಿದು ಕೂತಿದ್ದಾಗಲೇ ಎತ್ತಿನ ಗಾಡಿ ಕಣಿವೆ ಹತ್ತಿ ಬಂತು. ಮಂಗಮ್ಮ ಇಳಿದಳು. ಎರಡು ವರ್ಷದಲ್ಲಿ ಕೆನ್ನೆಯ ಮೂಳೆ ಕಾಣುತ್ತಿತ್ತು. ಮುನಿಗಂಗಪ್ಪ ಗಂಟು ಬಿಚ್ಚಿ ಮುಂದೆ ಚಾಚಿದ.

ಹಿಂದೆಯೇ ಇಳಿದ ಚಿಕ್ಕವೆಂಕಟಮ್ಮ ಚೇಳು ಕಂಡವಳಂತೆ ಹಾರಿದಳು. "ಅಯ್ಯಯ್ಯೋ ದೇವುಡಾ! ಬಸುರಿಗೆ ಎಳ್ಳಾ? ಉಷ್ಣಕ್ಕೆ ಹೊಟ್ಟೇಲಿರೋದು ಉಳೀತದಾ? ನಿಮ್ಗೆ ಅಷ್ಟೂ ತಿಳೀದಾ ಬೀಗ್ರೇ?"

"ಅ... ಅವಳೇ ಕೇಳಿದ್ಲಲ್ಲಮ್ಮ."

ಮಂಗಮ್ಮ ತಂದೆಯನ್ನು ದಿಟ್ಟಿಸಿದಳು. "ನಾನು 'ಎಲ್ಲುಂಡಿ' ಬಾ ಅಂದಿದ್ದು ಅಪ್ಪಾ. ತೆಲುಗಲ್ಲಿ ನಾಡಿದ್ದು ಅಂತ!"

ಗಾಡಿ ಹೊಡೆಯುವವನು ಮೊದಲು ನಕ್ಕ. ಚಿಕ್ಕವೆಂಕಟಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಮುನಿಗಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಮುನಿಸು ಕಳೆಯಿತು, ಇನ್ನು ಮಗಳನ್ನು ಕರೆದುಕೊಂಡು ಇಳಿಯುವುದೇ ಎಂದು ಕಂಬಳಿ ಮಡಿಸತೊಡಗಿದ.

"ಹೆರಿಗೆಗೆ ನಿನ್ ಜೊತೆ ಬರ್ಬೇಕು ಅಂತಾನೇ ಬಂದಿದೀನಿ," ಅಂದಳು ಮಂಗಮ್ಮ ಮೆಲ್ಲಗೆ. "ಅದಕ್ಕೆ ಮುಂಚೆ ಒಂದ್ ಮಾತು ಕೇಳ್ಬೇಕು ಅಪ್ಪಾ. ಹೋದ ವರ್ಷ ನಂಗೆ ಮೂರು ತಿಂಗಳಿಗೇ ಹೋಯ್ತಲ್ಲ, ಆಗ ನೀನ್ಯಾಕೆ ಹಂಗಂದೆ?"

"ಏನ್ ಹೋಯ್ತು?"

"ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದೆನಲ್ಲ. ಕಡುಪು ಪೋಯಿಂದಿ ಅಂತ."

ಮುನಿಗಂಗಪ್ಪನ ಕೈಯಿಂದ ಕಂಬಳಿ ಜಾರಿತು. ತೆಲುಗಿನ ಕಡುಪು ಅಂದರೆ ಹೊಟ್ಟೆ, ಬಸಿರು. ಬಸ್ಸಿನ ಪಕ್ಕ ಓಡುತ್ತಿದ್ದವನಿಗೆ ಆವತ್ತು ಕೇಳಿಸಿದ್ದು ಕಡುಬು. ಮಗಳು ಮಾಡಿದ ಕಡುಬು ಕೆಟ್ಟಿತಂತೆ ಎಂದು ಅರಳಿಕಟ್ಟೆಯಲ್ಲಿ ಕೂತು ಬೀದಿಯನ್ನೆಲ್ಲ ನಗಿಸಿದ್ದ. ಬಸ್ಸು ಮರಳಿ ಬಂದಾಗ ನಗುನಗುತ್ತಲೇ ಉತ್ತರ ಕೂಗಿದ್ದ.

"'ಹೋದ್ರೆ ಹೋಗ್ಲಿ, ಇನ್ನೊಂದ್ ಮಾಡ್ಕೊ ಅನ್ನು' ಅಂದ್ಯಂತೆ," ಅಂದಳು ಮಂಗಮ್ಮ. "ಹಾಸಿಗೇಲಿ ಮಲಗಿದ್ದೋಳು ಅದನ್ನ ಕೇಳಿದೆ. ಅಪ್ಪ ಅಂಥೋನಲ್ಲ, ಏನೋ ಕಾರಣ ಇರ್ತದೆ ಅಂತ ಅತ್ತೆ ಹತ್ರ ಜಗಳ ಆಡ್ದೆ. ಏನಪ್ಪಾ ಕಾರಣ? ಹೇಳು, ಬರ್ತೀನಿ."

ಕಡುಬು ಎಂಬ ಮೂರಕ್ಷರ ಅವನ ನಾಲಿಗೆಯ ತುದಿಗೆ ಬಂತು. ಈಗಷ್ಟೇ ಎಳ್ಳುಂಡೆಗೆ ನಕ್ಕವರು ಅದನ್ನೂ ನಂಬುತ್ತಿದ್ದರೇನೋ. ಆದರೆ ನೀನು ಕೂಸು ಕಳೆದುಕೊಂಡು ಮಲಗಿದ್ದ ದಿನ ನಾನು ನಿನ್ನ ಹೆಸರು ಹಿಡಿದು ಊರನ್ನು ನಗಿಸುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು?

"ತಪ್ಪಾಯ್ತು ಕಣಮ್ಮ," ಅಂದ.

"ಕಾರಣ ಏನೂ ಇಲ್ವಾ?"

ಮುನಿಗಂಗಪ್ಪ ನೆಲ ನೋಡಿದ. "ಇಲ್ಲ ಕಣಮ್ಮ."

ಮಂಗಮ್ಮ ಅತ್ತೆಯ ಭುಜ ಹಿಡಿದುಕೊಂಡು, ಹುಷಾರಾಗಿ, ಒಂದೊಂದೇ ಕಾಲಿಟ್ಟು ಗಾಡಿ ಹತ್ತಿದಳು.