ಸೋಂಪಿನ ತೂಕದ ತೋಟಾ

ಲಿಂಪೋಪೋ ನದಿಯ ಈಚೆ ದಡದಲ್ಲಿ ನನ್ನಷ್ಟು ಕರಾರುವಾಕ್ಕಾಗಿ ಕೋವಿಯ ತೋಟಾ ತುಂಬುವ ಕೈ ಇನ್ನೊಂದಿಲ್ಲ! ಹಿತ್ತಾಳೆ ಕೊಳವೆಗೆ ಮದ್ದು ಸುರಿದು, ಅದು ಅಲುಗದಂತೆ ಮೇಲೆ ಅರಳೆ ಒತ್ತಿ, ಹೆಬ್ಬೆರಳು ಗಾತ್ರದ ಗುಂಡು ಕೂರಿಸಿದೆನೆಂದರೆ ಆನೆಯೂ ಅಂಗಾತ ಮಲಗಬೇಕು! ಹೀಗೆಂದು ಚರ್ಚಿನ ಅಂಗಳದಲ್ಲಿ ನಾನೇ ಸಾರಿದೆ. ಸಾರಿದ್ದೇ ತಪ್ಪಾಯಿತು.

"ಅತ್ತಿಗೆ, ನೀವು ರಸ್ಕು ಮಾಡ್ಕೊಂಡು ಹಾಯಾಗಿರಿ," ಎಂದ ಮೈದುನ ವೈನಾಂಡ್. "ಅಣ್ಣ ಹೋದ್ಮೇಲೆ ಆ ಮೇಜು ನಮ್ಮನೇಲಿರಬೇಕಾದ್ದು."

ಆ ಮೇಜೆಂದರೆ ನನ್ನವರು, ಲೌರೆನ್ಸ್, ಜೀವಮಾನವೆಲ್ಲ ತೋಟಾ ತುಂಬಿದ ಮೇಜು. ಅದರ ಮುಂದೆ ಕೂತಾಗ ಮಾತ್ರ ಪಕ್ಕದಲ್ಲಿ ಅವರ ಕೆಮ್ಮು ಕೇಳಿಸುತ್ತದೆ.

"ಬೇಲಿ ಮುರೀತಿರೋ ಆ ಒಂಟಿ ಕಾಡುಕೋಣಾನ ನನ್ನ ತೋಟಾದಲ್ಲೇ ಹೊಡಿ. ಹುಸಿ ಹೋದ್ರೆ ಮೇಜು ನಿಂದು!" ಎಂದುಬಿಟ್ಟೆ. ಬಾಯಿಗೆ ಹಾಕುವ ಬೀಗ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ.

ಬೆಳಿಗ್ಗೆ ಆ ಮೇಜಿನ ಮೇಲೇ ಸೋಂಪು ತೂಗಿ ರಸ್ಕಿಗೆ ಹಿಟ್ಟು ಕಲಸಿದೆ. ರಸ್ಕು ಒಲೆಯಲ್ಲಿ ಒಣಗುತ್ತಿದ್ದಾಗ ತೋಟಾಕ್ಕೆ ಕೂತೆ. ಓದು ನನಗೆ ಅಷ್ಟಕ್ಕಷ್ಟೆ. ಅದಕ್ಕೇ ನನ್ನವರು ಮದ್ದಿನ ತೂಕಕ್ಕೆಂದು ತಕ್ಕಡಿಯ ದಂಡಕ್ಕೆ ಕೆಂಪು ಗೆರೆ ಹಾಕಿಕೊಟ್ಟಿದ್ದರು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ! ಈ ಸಲ ಅರಳೆ ಮಾತ್ರ ಯಾಕೋ ವಿಪರೀತ ಹಿಡಿಯಿತು. ಒಂದು ದಿಂಬು ಅರ್ಧ ಖಾಲಿ. ಒಣಗಾಳಿಗೆ ಅರಳೆ ಕುಗ್ಗಿರಬೇಕು ಎಂದುಕೊಂಡೆ.

ಮರುದಿನ ಮೊಪಾನಿ ಮರಗಳ ನಡುವೆ ಕೋಣ ಎದುರಾಯಿತು. ನಾನು ಪಿಕಪ್ಪಿನಲ್ಲೇ ಕೂತಿದ್ದೆ. ವೈನಾಂಡ್ ಜೋಡುನಳಿಗೆ ಕೋವಿಯೆತ್ತಿ ಹಾರಿಸಿದ. "ಢಂ" ಎನ್ನಬೇಕಿತ್ತು. "ತುಪ್" ಎಂದಿತು! ಗುಂಡು ಕೋಣದ ಭುಜಕ್ಕೆ ತಾಗಿ, ಉಗಿದ ಹಣ್ಣಿನ ಬೀಜದಂತೆ ನೆಲಕ್ಕೆ ಬಿತ್ತು. ಕೋಣ ನೊಣ ಓಡಿಸುವಂತೆ ಬಾಲ ಬೀಸಿತು. ಎರಡನೆಯ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತು. ಕೋಣ ತಲೆ ತಗ್ಗಿಸಿ ನುಗ್ಗುವಷ್ಟರಲ್ಲಿ ವೈನಾಂಡ್ ಮರದ ಮೇಲಿದ್ದ. ಹತ್ತಿದ್ದನ್ನು ನಾನು ಕಾಣಲೇ ಇಲ್ಲ!

"ಅತ್ತಿಗೇ! ಏನ್ ತುಂಬಿದೀರಿ ಇದಕ್ಕೆ?"

"ಮದ್ದು ಕಣೋ! ಕೂದಲೆಳೆಯಷ್ಟೂ ತಪ್ಪಿಲ್ಲ!"

"ಅದರ ಕೊಂಬು ನನ್ನ ಕಾಲಿಂದ ಕೂದಲೆಳೆ ದೂರದಲ್ಲಿದೆ!"

ಮೇಜು ಹೋಗಲಿ, ಮೈದುನನೇ ಹೋಗುತ್ತಿದ್ದಾನಲ್ಲ ದೇವರೇ!

"ಏನಾದ್ರೂ ಎಸಿಯೋ!"

ಅವನ ಜೇಬಿನಲ್ಲಿದ್ದದ್ದು ಬುತ್ತಿಗೆಂದು ನಾನು ಕೊಟ್ಟ ರಸ್ಕು. ಎಸೆದ. ಕೋಣ ಮೂಸಿ ನೋಡಿ, ಕರುಂ ಎಂದು ಕಡಿಯಿತು.

"ತಿಂತಾ ಇದೆ ಅತ್ತಿಗೆ!"

"ದೂರ ದೂರ ಎಸಿ! ಒಂದೇ ಸಲ ಮುಗಿಸ್ಬೇಡ!"

ಕೊನೆಯ ರಸ್ಕನ್ನು ಹುಡುಕುತ್ತ ಅದು ಪೊದೆಯೊಳಗೆ ಹೋದಾಗ ವೈನಾಂಡ್ ಮರದಿಂದ ಪಿಕಪ್ಪಿಗೆ ಬಂದು ಬಿದ್ದ.

ಮನೆಗೆ ಬಂದವಳೇ ತಕ್ಕಡಿ ನೋಡಿದೆ. ದಂಡದ ಮೇಲೆ ಸರಿಯುವ ಕಲ್ಲು ಕೆಂಪು ಗೆರೆಯಲ್ಲಿರಲಿಲ್ಲ, ನೀಲಿ ಗೆರೆಯಲ್ಲಿತ್ತು. ಅದು ನಾನೇ ಎಳೆದುಕೊಂಡದ್ದು, ರಸ್ಕಿಗೆ ಹಾಕುವ ಸೋಂಪಿಗೆಂದು. ಪ್ರತಿಯೊಂದು ತೋಟಾದಲ್ಲೂ ಕರಾರುವಾಕ್ಕಾಗಿ ಸೋಂಪಿನ ತೂಕದ ಚಿಟಿಕೆ ಮದ್ದು, ಉಳಿದದ್ದೆಲ್ಲ ಅರಳೆ!

ಸಂಜೆ ಮೇಜು ಪಿಕಪ್ ಏರಿತು. ನೆಲದಲ್ಲಿ ಅದರ ಕಾಲಿನ ಗುರುತುಗಳಷ್ಟೇ ಉಳಿದವು. ಕಿವಿಗೊಟ್ಟೆ, ಕೆಮ್ಮಿಲ್ಲ.

"ಆ ತಕ್ಕಡೀನಾದ್ರೂ ಬಿಟ್ಟುಹೋಗೋ ವೈನಾಂಡ್."

"ಇಟ್ಕೊಳ್ಳಿ ಅತ್ತಿಗೆ. ಸೋಂಪಿನ ತೂಕ ಪಕ್ಕಾ ಇದೆ."

"ನಿಂಗೆ ಹೇಗೆ ಗೊತ್ತು? ನೀನು ಒಂದು ಚೂರೂ ತಿನ್ಲಿಲ್ವಲ್ಲ!"

ಅವನು ಗದ್ದದಿಂದಲೇ ಅಡುಗೆಮನೆಯ ಕಿಟಕಿಯತ್ತ ತೋರಿಸಿದ. ಬೇಲಿ ಮುರಿದುಕೊಂಡು ಬಂದು ನಿಂತಿತ್ತು ನನ್ನ ಹೊಸ ಗಿರಾಕಿ, ಮೂತಿ ನೆಕ್ಕಿಕೊಳ್ಳುತ್ತ!