ಮನ್ಮಥಪ್ಪನ ಹೊಲದ ಹುಲ್ಲು

ಖಟಕ ಚಿಂಚೋಳಿಯ ಮನ್ಮಥಪ್ಪನಿಗೆ ಸ್ವಾತಂತ್ರ್ಯ ಬಂದದ್ದು ಒಂದು ಹುಲ್ಲಿನ ಹೊರೆಯ ರೂಪದಲ್ಲಿ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷದ ಶ್ರಾವಣ. ಹೆಸರುಕಾಳಿನ ಹೊಲದಲ್ಲಿ ಕಸ ತೆಗೆದ ಹೆಂಗಸರು ಸಂಜೆ ಗರಿಕೆ, ಗೋಣಿಸೊಪ್ಪು ಎಲ್ಲ ಹೊರೆ ಕಟ್ಟಿ ತಲೆ ಮೇಲಿಟ್ಟುಕೊಂಡು ಹೊರಟದ್ದು ಕಂಡು ಅವನ ಹೊಟ್ಟೆ ಉರಿಯಿತು. ಕೂಲಿಗೆ ಜೋಳ, ಕಿತ್ತ ಹುಲ್ಲು ಕಿತ್ತವರ ಎಮ್ಮೆಗೆ ಎಂಬುದು ಅವನ ಅಜ್ಜನ ಕಾಲದ ಪದ್ಧತಿ. (ನಿಜಾಮನ ಕಾಲದಲ್ಲಿ ಪೊಲೀಸ್ ಜಮೇದಾರನ ಕುದುರೆ ಹಸೀ ಬೆಳೆಯನ್ನೇ ಮೇಯ್ದಾಗ ಇದೇ ಮನ್ಮಥಪ್ಪ ಕೈಮುಗಿದು ಅದಕ್ಕೆ ನೀರೂ ಕುಡಿಸಿದ್ದ. ಆಗ ಹೊಟ್ಟೆ ತಣ್ಣಗಿತ್ತು.)

"ರಾಜ್ಯ ಬದಲಾಗೇದ," ಎಂದು ಬದುವಿನ ಮೇಲೆ ನಿಂತು ಫರ್ಮಾನು ಹೊರಡಿಸಿದ. "ನನ್ನ ಹೊಲ್ದಾಗ ಬೆಳೆದದ್ದೆಲ್ಲ ನಂದು. ಒಂದು ಕಡ್ಡಿ ಹುಲ್ಲೂ ಹೊರಗ ಹೋಗಂಗಿಲ್ಲ."

ಕೂಲಿಯವರಲ್ಲಿ ಹಿರಿಯಳಾದ ಭೀಮಬಾಯಿ ಹೊರೆ ಇಳಿಸಿದಳು. "ಆಗ್ಲಿರಿ ಸಾವ್ಕಾರ್ರ. ನಿಮ್ಮ ಹುಲ್ಲು ನಿಮ್ಮ ಹೊಲ್ದಾಗೇ ಇರ್ಲಿ."

ಮರುದಿನದಿಂದ ಅದು ಅಲ್ಲೇ ಇತ್ತು. ಹೆಂಗಸರೆಲ್ಲ ಪಕ್ಕದ ಮಡೆಪ್ಪನ ಹೊಲಕ್ಕೆ ಹೋದರು. ಮನ್ಮಥಪ್ಪನ ಹುಲ್ಲು ಮಾಲೀಕನ ಮೇಲೆ ಪೂರ್ಣ ವಿಶ್ವಾಸವಿಟ್ಟು ಬೆಳೆಯಿತು. ಹತ್ತು ದಿನಕ್ಕೆ ಹೆಸರಿನ ಗಿಡ ಎಲ್ಲಿದೆಯೆಂದು ಬಗ್ಗಿ ಹುಡುಕಬೇಕಾಯಿತು. ಇನ್ನೊಂದು ವಾರ ಹೀಗೇ ಬಿಟ್ಟರೆ ಬೆಳೆಯ ಆಸೆ ಬಿಡುವುದೇ ಸರಿ. ತಾನೇ ಕಸ ಕೀಳುವ ಖುರಪಿ ಹಿಡಿದು ಕುಂತ. ಅರ್ಧ ಸಾಲಿಗೇ ಸೊಂಟ ಮುಷ್ಕರ ಹೂಡಿತು.

ಸೋತು ಮನೆಗೆ ಬಂದರೆ ಎಮ್ಮೆಯ ಮುಂದೆ ಹಸಿರು ಹುಲ್ಲಿನ ರಾಶಿ. ಅವನ ಎದೆ ಉಬ್ಬಿತು. ಹೆಂಡತಿ ಶಾಂತಾಬಾಯಿಯಾದರೂ ಹೊಲದ ಕಡೆ ಹೋಗಿ ಬಂದಳಲ್ಲ!

"ನಮ್ಮ ಹೊಲದ್ದೇನ?"

"ಮಡೆಪ್ಪಣ್ಣಂದು. ನಾನೂ ಅಲ್ಲೇ ಕಸ ತೆಗಿಲಿಕ್ಕೆ ಹೋಗಿದ್ದೆ."

"ಸಾವ್ಕಾರನ ಹೆಂಡ್ತಿ ಕೂಲಿಗೆ?"

"ಮತ್ತ ಎಮ್ಮಿ ಏನು ತಿನ್ಬೇಕ್ರಿ? ನಮ್ಮ ಹೊಲ್ದಾಗಿಂದು ಒಂದು ಕಡ್ಡಿನೂ ಹೊರಗ ತರಂಗಿಲ್ಲ ಅಂತ ನೀವೇ ಹುಕುಂ ಮಾಡೀರಲ್ಲ."

ಮರುದಿನ ಮುಂಜಾನೆ ಮನ್ಮಥಪ್ಪ ಭೀಮಬಾಯಿಯ ಬಾಗಿಲಲ್ಲಿ ನಿಂತ. ಆಕೆ ಬೈಯಲಿಲ್ಲ. ಹುಲ್ಲು ನಮ್ಮದು, ಸಂಜೆ ಹೊರೆ ಎತ್ತಿಕೊಡುವ ಕೆಲಸ ನಿಮ್ಮದು ಎಂದಳು, ಅಷ್ಟೇ.

ಅಂದು ಸಂಜೆ ತನ್ನ ಹೊಲದ ಬದುವಿನ ಮೇಲೆ ಒಂದೊಂದೇ ಹೊರೆ ಎತ್ತಿ ಒಬ್ಬೊಬ್ಬರ ತಲೆಗಿಟ್ಟ. ಇಷ್ಟು ವರ್ಷ ನೆರಳಲ್ಲಿ ಕುಂತು ನೋಡುವಾಗ ಅವು ಬಹಳ ಹಗುರ ಕಂಡಿದ್ದವು. ಕೊನೆಗೆ ಉಳಿದದ್ದು ಅವರೊಡನೆ ಕಸ ತೆಗೆದ ಶಾಂತಾಬಾಯಿಯ ಹೊರೆ. ಏದುಸಿರು ಬಿಡುತ್ತ ಅದನ್ನೂ ಎತ್ತಿದ. ಆಕೆ ತಲೆ ಕೊಡಲಿಲ್ಲ. ತನ್ನ ತಲೆಯ ಸಿಂಬೆ ತೆಗೆದು ಅವನ ರುಮಾಲಿನ ಮೇಲಿಟ್ಟಳು.

"ಇದು ನಮ್ಮ ಎಮ್ಮಿ ಪಾಲಿಂದು. ಇದು ಖರೇನ ನಿಮ್ದು ನೋಡ್ರಿ."

ಊರ ಹತ್ತಿರ ಮಡೆಪ್ಪ ಎದುರಾಗಿ, ಬಾಗಿ ಶರಣು ಮಾಡಿದ. ಮನ್ಮಥಪ್ಪನಿಗೆ ತಿರುಗಿ ಬಾಗಲೂ ಆಗಲಿಲ್ಲ, ಬಾಗಿದರೆ ಹೊರೆ ಬೀಳುತ್ತಿತ್ತು.