ಹುಳು ಮನೆಯ ಸೋಪು, ಭುಜದ ಜೆಲ್ಲು

ಒಂದು ಜೆಲ್ಲು ಹಚ್ಚಿಕೊಳ್ಳಲು ಬಾರದಷ್ಟು ದಡ್ಡ ನಾನಲ್ಲ. ಇಪ್ಪತ್ತು ವರ್ಷದಿಂದ ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೇನೆ. ಸಾವಿರಾರು ಹುಳುಗಳ ಆರೋಗ್ಯ ಕಾಯ್ದವನಿಗೆ ತನ್ನೊಬ್ಬನ ಆರೋಗ್ಯ ಯಾವ ಮಹಾ!

ಇತ್ತೀಚೆಗೆ ಹುಳುಗಳಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಿದರೆ ಕಾಲು ನಡುಗುತ್ತಿತ್ತು. ಕೂತಲ್ಲೇ ತೂಕಡಿಕೆ. ಹೀಗೇ ಆದರೆ ಹುಳು ಸಾಕುವುದನ್ನೇ ಬಿಡಬೇಕಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ, ಟೆಸ್ಟೋಸ್ಟೀರಾನ್ ಎಂಬ ಗಂಡಸರ ಹಾರ್ಮೋನು ನನ್ನಲ್ಲಿ ತಳ ಕಂಡಿದೆ ಎಂದರು. ದಿನಾ ಬೆಳಿಗ್ಗೆ ಭುಜಕ್ಕೆ ಹಚ್ಚಲು ಜೆಲ್ಲು ಬರೆದುಕೊಟ್ಟು ಏನೇನೋ ಸೂಚನೆ ಹೇಳಿದರು. ಎಲ್ಲಕ್ಕೂ ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು ಒಂದೇ: "ಲೆವೆಲ್ ಜಾಸ್ತಿಯಾದ್ರೆ ಸಿಡುಕು, ಕೋಪ ಬರಬಹುದು."

ಬಂತು! ಮೂರನೇ ದಿನಕ್ಕೇ ಬಂತು! ಮುದ್ದೆ ಗಟ್ಟಿ ಎಂದು ಕೂಗಿದೆ. ಮಾರನೆಯ ದಿನ ಮೆತ್ತಗೆ ಎಂದು ಕೂಗಿದೆ. ಹೆಂಡತಿ ರತ್ನಮ್ಮನನ್ನು ಅವಳ ಅಣ್ಣನ ಎದುರಿಗೇ ಬೈದೆ.

"ಬಿಡಣ್ಣ, ಅವರಲ್ಲ, ಔಷಧಿ ಕೂಗಾಡ್ತಾ ಐತೆ" ಎಂದು ಅವಳೇ ಸಮಾಧಾನ ಹೇಳಿದಳು. ಕಣ್ಣು ತುಂಬಿತ್ತು. ನಾನು ಅದನ್ನು ನೋಡಿಯೂ ಇನ್ನಷ್ಟು ಕೂಗಿದೆ. ಡಾಕ್ಟರೇ ಅಪ್ಪಣೆ ಕೊಟ್ಟ ಮೇಲೆ ಯಾರ ಹಂಗು!

ಆದರೆ ಆ ಜೆಲ್ಲಿಗೆ ಸ್ಪಿರಿಟ್ಟಿನ ವಾಸನೆ. ಹುಳುಗಳಿಗೆ ಘಾಟು ಆಗದು. ಮೊದಲ ದಿನವೇ ರತ್ನಮ್ಮ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹುಳಕ್ಕೆ ಏನಾದ್ರೂ ಆದ್ರೆ ಏನ್ರೀ ಗತಿ? ಸೋಪು ಹಾಕಿ ತೊಳ್ಕೊಂಡ್ ಬನ್ನಿ."

ತೊಳೆದುಕೊಂಡೆ. ಅಂದಿನಿಂದ ಐದು ಗಂಟೆಗೆ ಜೆಲ್ಲು, ಐದೂಕಾಲಿಗೆ ಸೋಪು. ಹೀಗೆ ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಚಿಕಿತ್ಸೆ ಪಡೆದೆ!

ಮತ್ತೆ ರಕ್ತ ಪರೀಕ್ಷೆಯಾಯಿತು. ಲೆವೆಲ್ಲು ಇದ್ದಲ್ಲೇ ಇತ್ತು.

"ಲ್ಯಾಬೇ ಸರಿಯಿಲ್ಲ!" ಎಂದು ಆಸ್ಪತ್ರೆಯಲ್ಲೇ ಮೇಜು ಕುಟ್ಟಿದೆ. ಮರುದಿನ ಹುಳು ಮನೆಗೆ ಹೋಗದೆ, ಎರಡು ಪಟ್ಟು ಜೆಲ್ಲನ್ನು ಭುಜದಿಂದ ಮೊಣಕೈವರೆಗೆ ಬಳಿದುಕೊಂಡು, ತೊಳೆಯದೆ ಲ್ಯಾಬಿಗೆ ಹೋಗಿ ಅದೇ ಕೈಯನ್ನು ರಕ್ತ ತೆಗೆಯುವ ಸೂಜಿಗೆ ಒಡ್ಡಿದೆ.

ಸಂಜೆಗೆ ಡಾಕ್ಟರ ಫೋನು. ರತ್ನಮ್ಮನಿಗೂ ಕೇಳಲೆಂದು ಹೆಮ್ಮೆಯಿಂದ ಸ್ಪೀಕರಿಗೆ ಹಾಕಿದೆ.

"ಏನ್ರೀ ಇದು? ಈ ಲೆವೆಲ್ ಗೂಳಿಗೂ ಇರಲ್ಲ! ಜೆಲ್ ಹಚ್ಚಿದ ಜಾಗದಲ್ಲೇ ಸೂಜಿ ಚುಚ್ಚಿಸ್ಕೊಂಡ್ರಾ?"

ಒಪ್ಪಿಕೊಂಡೆ. ಚರ್ಮದ ಮೇಲಿನ ಜೆಲ್ಲೇ ಸೂಜಿಯೊಡನೆ ರಕ್ತಕ್ಕೆ ಬೆರೆತಿದೆ ಎಂದರು. ದಿನಾ ಹೇಗೆ ಹಚ್ಚುತ್ತೀರಿ ಎಂದು ಕೇಳಿದರು. ಸೋಪಿನ ವಿಷಯ ಹೇಳಿದೆ.

"ಹಚ್ಚಿದ ಮೇಲೆ ಕೆಲವು ಗಂಟೆ ತೊಳೀಬಾರ್ದು ಅಂತ ಹೇಳಿರಲಿಲ್ವಾ? ಔಷಧಿಯೆಲ್ಲ ಬಚ್ಚಲಿಗೆ ಹೋಗಿದೆ. ನಿಮ್ಮ ಮೈಗೆ ಸೇರೇ ಇಲ್ಲ ಕಣ್ರೀ!"

ಫೋನಿಟ್ಟೆ. ರತ್ನಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಮೈಗೆ ಸೇರೇ ಇಲ್ಲ ಅಂದ್ರೆ, ಎರಡು ತಿಂಗಳು ನನ್ನ ಮೇಲೆ ಕೂಗಾಡಿದ್ದು ಯಾರು?"

ಆ ಪ್ರಶ್ನೆಗೆ ಯಾವ ಲ್ಯಾಬಿನ ವರದಿಯೂ ಬೇಕಿರಲಿಲ್ಲ. ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ.

ಈಗ ಮೊದಲು ಹುಳು ಮನೆ, ಆಮೇಲೆ ಸ್ನಾನ, ಕೊನೆಗೆ ಜೆಲ್ಲು. ಲೆವೆಲ್ಲು ಸರಿಯಾಗಿದೆ, ಹೊರೆಯೂ ಎತ್ತುತ್ತೇನೆ. ನಿನ್ನೆ ಮುದ್ದೆ ಕಲ್ಲಿನಂತಿತ್ತು. ಕೂಗಲು ಬಾಯಿ ತೆರೆದೆ.

"ಔಷಧಿನಾ, ನೀವಾ?" ಎಂದಳು ರತ್ನಮ್ಮ.

ಮುದ್ದೆ ನುಂಗಿದೆ.